ತಾಳಿಯ ದಾರದಲ್ಲಿ ಚಾಕು

ನನ್ನ ಗಂಡ ನನ್ನ ಜೀವ ಉಳಿಸಿದರು ಅಂತ ಹೊಸನಗರದ ಪೇಟೆಯಲ್ಲಿ ಈಗ ಎಲ್ಲರೂ ಹೇಳುತ್ತಾರೆ. ತರಕಾರಿ ಅಂಗಡಿಯಲ್ಲೂ ಅದೇ ಮಾತು, ಬಸ್ ಸ್ಟ್ಯಾಂಡಿನಲ್ಲೂ ಅದೇ ಮಾತು. ಕೇಳಿಸಿಕೊಂಡು ನಾನು ಸುಮ್ಮನಿದ್ದೇನೆ. ಸುಮ್ಮನಿರುವುದು ನನ್ನ ಜಾಯಮಾನವಲ್ಲ, ನಮ್ಮ ಗಿರಣಿಗೆ ಒಂದು ಸಲ ಬಂದುಹೋದವರನ್ನು ಕೇಳಿದರೂ ಹೇಳುತ್ತಾರೆ. ಆದರೆ ಆವತ್ತು ನಾನು ಕಂಡದ್ದನ್ನು ಯಾರಿಗೆ ಹೇಗೆ ಹೇಳಬೇಕೋ ನನಗೇ ತಿಳಿಯುತ್ತಿಲ್ಲ.

ನಾನು ತ್ರಿಶಲಾ. ನಾನೂ ನನ್ನ ಗಂಡ ಪದ್ಮಪ್ರಸಾದರೂ ಸೇರಿ ಹಿಟ್ಟಿನ ಗಿರಣಿ ನಡೆಸುತ್ತೇವೆ. ರಾಗಿ, ಅಕ್ಕಿ, ಗೋಧಿ, ಬೇಸಿಗೆ ಬಂತೆಂದರೆ ಮೆಣಸಿನ ಪುಡಿ. ಗಿರಣಿಯಲ್ಲಿ ಬೆಳಗಿನಿಂದ ಸಂಜೆವರೆಗೆ ಮಾಡುವ ಕೆಲಸ ಚೀಲದ ಹೊಲಿಗೆ ಬಿಚ್ಚುವುದು, ಹುರಿ ಕತ್ತರಿಸುವುದು. ಕತ್ತರಿ ಇಟ್ಟ ಜಾಗದಲ್ಲಿ ಇದ್ದದ್ದೇ ಇಲ್ಲ. ಸೀರೆಗೆ ಜೇಬಿಲ್ಲ. ಒಂದು ಕೈ ಚೀಲದ ಬಾಯಿ ಹಿಡಿದಿರುವಾಗ ಇನ್ನೊಂದು ಕೈಗೆ ಹತ್ತಿರ ಸಿಗುವುದು ಎದೆಯ ಮೇಲಿನ ಜಾಗ ಮಾತ್ರ. ಅದಕ್ಕೇ ನಾನು ಕೊರಳಿಗೆ ಚಾಕು ಹಾಕಿಕೊಳ್ಳುತ್ತೇನೆ. ನಗುವವರು ನಗಲಿ.

ಅದನ್ನು ಮಾಡಿಕೊಟ್ಟವರು ನನ್ನ ಅಪ್ಪ. ಬ್ಯಾಕೋಡಿನ ಹತ್ತಿರ ನನ್ನ ತವರು. ಸೇತುವೆ ಆಗುವ ಮುಂಚೆ ಅಪ್ಪ ಹಿನ್ನೀರು ದಾಟಿಸುವ ಲಾಂಚಿನಲ್ಲಿ ಕೆಲಸಕ್ಕಿದ್ದರು. ಹಗ್ಗ ಎಲ್ಲಾದರೂ ಸಿಕ್ಕಿಕೊಂಡಾಗ ಚಾಕು ಹುಡುಕುತ್ತಾ ನಿಂತರೆ ಆಗುವುದಿಲ್ಲ ಅಂತ ಅವರೂ ಕೊರಳಿಗೇ ಹಾಕಿಕೊಳ್ಳುತ್ತಿದ್ದರು. ಹ್ಯಾಕ್ಸಾ ಬ್ಲೇಡಿನ ತುಂಡನ್ನು ಮಸೆದು ಮಾಡಿದ ಬೆರಳುದ್ದದ ಚಾಕು. ಚರ್ಮದ ಒರೆ ನಮ್ಮ ಜೈನರ ಮನೆಗೆ ಆಗದು, ಆದ್ದರಿಂದ ನೀರಿನ ಪೈಪಿನ ತುಂಡನ್ನು ಬಿಸಿ ಮಾಡಿ ಚಪ್ಪಟೆ ಮಾಡಿದ ಒರೆ. ಹಿಡಿ ಕೆಳಮುಖವಾಗಿರುತ್ತದೆ. ಕೆಳಕ್ಕೆ ಎಳೆದರೆ ಕೈಗೆ ಬಂತು, ಮೇಲಕ್ಕೆ ಒತ್ತಿದರೆ ಟಕ್ಕಂತ ಕೂತಿತು. ಕೊಡುವಾಗ ಅಪ್ಪ ಹೇಳಿದ್ದು ಒಂದೇ ಮಾತು.

"ಬಾಳೆನಾರಲ್ಲೇ ಕಟ್ಕೋ ಮಗಾ. ಎಲ್ಲಾದ್ರೂ ಸಿಕ್ಕಿಹಾಕ್ಕೊಂಡ್ರೆ ನಾರು ಹರೀಬೇಕು, ಕುತ್ತಿಗೆ ಅಲ್ಲ."

ಅತ್ತೆ ಜಿನಮತಿಯವರಿಗೆ ಮೊದಮೊದಲು ಇದನ್ನು ಕಂಡರೆ ಆಗುತ್ತಿರಲಿಲ್ಲ. "ಕೊರಳಲ್ಲಿ ಆಯುಧ ಹಾಕ್ಕೊಂಡು ಓಡಾಡಕ್ಕೆ ನೀನೆಂತ ಚೌಡಿಯಾ ಮಾರಾಯ್ತಿ?" ಅನ್ನುತ್ತಿದ್ದರು. ಹಾಲಿನ ಪ್ಯಾಕೆಟ್ ಒಡೆಯಬೇಕಾದಾಗ, ಬಾಳೆ ಎಲೆ ಸೀಳಬೇಕಾದಾಗ, ನನ್ನ ಮಗಳು ಬ್ರಾಹ್ಮಿಯ ಹೆಸರಿಗೆ ಪಾರ್ಸೆಲ್ ಡಬ್ಬ ಬಂದಾಗ "ತ್ರಿಶಲಾ, ನಿನ್ ಚಾಕು ಕೊಡೇ ಇಲ್ಲಿ" ಅನ್ನುವವರೂ ಅವರೇ. ಕಡೆಕಡೆಗೆ ನನಗಿಂತ ಜಾಸ್ತಿ ಅದು ಅವರ ಕೈಯಲ್ಲೇ ಇರುತ್ತಿತ್ತು. ಒಂದು ಸಲ ಅಭ್ಯಾಸವಾದರೆ ಅದು ಬಿಟ್ಟುಹೋಗುವ ಚಟವಲ್ಲ.

ತೊಂದರೆ ಇದ್ದದ್ದು ಬಾಳೆನಾರಿನದ್ದು. ಒಣಗಿದರೆ ಪಟ್ಟಂತ ಹರಿಯುತ್ತದೆ. ಹಾಗೇ ಒಂದು ದಿನ ಹರಿದು ಎಲ್ಲೋ ಬಿತ್ತು, ಎಷ್ಟು ಹುಡುಕಿದರೂ ಸಿಗಲಿಲ್ಲ. ಮಾರನೇ ದಿನ, ಹಿಟ್ಟು ಬೀಸಿಸಿಕೊಂಡು ಹೋಗಿದ್ದ ಮಂಜುನಾಥಪ್ಪನವರು ಗಿರಣಿ ಬಾಗಿಲಲ್ಲಿ ನಿಂತು, ತುಂಬಿದ ಜನರ ಎದುರಿಗೆ, ನನ್ನ ಚಾಕುವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು.

"ತ್ರಿಶಲಮ್ಮ, ನಾವು ಬೀಸಕ್ಕೆ ಕೊಟ್ಟಿದ್ದು ರಾಗಿ. ಮುದ್ದೆ ಹಿಟ್ಟಲ್ಲಿ ಇದು ಬಂತು."

ಜನ ಬಿದ್ದು ಬಿದ್ದು ನಕ್ಕರು. ನನ್ನ ಗಂಡನಿಗೆ ಮಾತ್ರ ಮರ್ಯಾದೆ ಹೋದ ಹಾಗಾಯಿತು. ಅವರು ಬಸದಿಯಲ್ಲಿ ಶಾಸ್ತ್ರ ಓದಿ ಹೇಳುವವರು. ಬೆಕ್ಕು ಅಡ್ಡ ಬಂತು, ಹಲ್ಲಿ ಲೊಚಗುಟ್ಟಿತು ಅಂತ ಯಾರಾದರೂ ಅಂದರೆ ಅಲ್ಲೇ ಹಿಡಿದು ನಿಲ್ಲಿಸಿ, ಎಲ್ಲ ಅವರವರ ಕರ್ಮ, ಯಾರ ಆಯಸ್ಸೂ ಇನ್ನೊಂದು ವಸ್ತುವಿನಲ್ಲಿ ಇರುವುದಿಲ್ಲ ಅಂತ ಬುದ್ಧಿ ಹೇಳುವವರು. ಆ ಸಂಜೆ ಅಮ್ಮನೂ ಮಗನೂ ಕೂತು ಒಂದು ಉಪಾಯ ಮಾಡಿದರು. ಚಾಕುವಿನ ಒರೆಯನ್ನು ನನ್ನ ತಾಳಿಯ ದಾರಕ್ಕೇ ಪೋಣಿಸಿದರು.

ಚಿನ್ನದ ಸರ ಗಿರಣಿಗೆ ಬೇಡ ಅಂತ ನಾನು ಹಾಕಿಕೊಳ್ಳುತ್ತಿದ್ದದ್ದು ಕರಿಮಣಿ ತಾಳಿ. ತಾಳಿ ಹರಿದರೆ ಗಂಡನಿಗೆ ಕೇಡು ಅನ್ನುವುದು ಅತ್ತೆಯ ನಂಬಿಕೆ. ಆ ಭಯಕ್ಕೇ ಅವರು ನೈಲಾನ್ ದಾರದ ಮೂರು ಎಳೆ ಹೆಣೆದು ಅದನ್ನು ಪೋಣಿಸಿದ್ದರು. ಎತ್ತು ಕಟ್ಟಿದರೂ ಹರಿಯುವ ದಾರವಲ್ಲ ಅದು. ಅಪ್ಪ ಹೇಳಿದ ಮಾತನ್ನು ನಾನು ಹೇಳಿದೆ. "ತಾಳಿ ಜೊತೆ ಇದ್ರೆ ಕಳೆಯಲ್ಲ ಕಣೆ," ಅಂದರು ಅತ್ತೆ. "ಹರೀದೇ ಇರೋದೇ ಒಳ್ಳೇದಲ್ವನೇ," ಅಂದರು ಇವರು. ಇಬ್ಬರ ಬಾಯಿಗೆ ಎದುರಾಡಿ ನನಗೂ ಸಾಕಾಗಿತ್ತು.

ಮೆಣಸಿನಕಾಯಿ ಕಾಲ. ಗಿರಣಿಯ ಒಳಗೆ ಕಣ್ಣು ಬಿಡುವ ಹಾಗಿಲ್ಲ. ಆವತ್ತು ಬೆಲ್ಟು ಬಿಗಿ ಮಾಡಲು ಬಿಚ್ಚಿದ, ಅದರ ಮುಂದಿನ ಜಾಲರಿಯನ್ನು ಇವರು ಇನ್ನೂ ವಾಪಸು ಹಾಕಿರಲಿಲ್ಲ, ಮಿಷನ್ನು ಓಡುತ್ತಿತ್ತು. ಕೆಳಗೆ ಚೆಲ್ಲಿದ್ದ ಪುಡಿ ಗುಡಿಸೋಣ ಅಂತ ನಾನು ಬಗ್ಗಿದೆ. ತಾಳಿಯೂ ಚಾಕುವೂ ರವಿಕೆಯಿಂದ ಜಾರಿ ಹೊರಗೆ ನೇತಾಡಿದವು. ಅಷ್ಟೇ ನನಗೆ ಗೊತ್ತಾದದ್ದು. ದಾರ ತಿರುಗುವ ಶಾಫ್ಟಿಗೆ ಸುತ್ತಿಕೊಂಡಿತು, ನನ್ನ ಮುಖ ಹೋಗಿ ಕಬ್ಬಿಣದ ಚೌಕಟ್ಟಿಗೆ ಬಡಿಯಿತು, ಕುತ್ತಿಗೆ ಕೊಯ್ದ ಹಾಗಾಯಿತು.

ತೀರ್ಥಹಳ್ಳಿ ರಸ್ತೆಯ ರಂಗಮ್ಮ ಮೆಣಸಿನಕಾಯಿ ಚೀಲದ ಮೇಲೆ ಕೂತಿದ್ದವಳು ಹಾರಿ ಹೋಗಿ ಮೇನ್ ಸ್ವಿಚ್ಚು ಎಳೆದಳು. ನನ್ನ ಜೀವ ಉಳಿಸಿದವರು ಯಾರು ಅಂದರೆ ಮೊದಲು ಅವಳು. ಮಿಷನ್ನು ನಿಂತಿತು. ಆದರೆ ದಾರ ಸಡಿಲಾಗಲಿಲ್ಲ. ಕರಿಮಣಿಗಳು ಗಂಟಲೊಳಗೆ ಹೂತಿದ್ದವು. ಉಸಿರು ಒಳಗೂ ಇಲ್ಲ ಹೊರಗೂ ಇಲ್ಲ.

ಇವರು ಓಡಿ ಬಂದರು. ಒರೆ ಬೆಲ್ಟಿನ ಸಂದಿಯಲ್ಲಿ ಸಿಕ್ಕಿತ್ತು, ಹಿಡಿ ಹೊರಗಿತ್ತು. ಚಾಕು ಹಿರಿದರು. ನನ್ನ ಕಿವಿಯ ಕೆಳಗೆ, ದಾರದ ಮೇಲೆ ಅದರ ಅಲಗು ತಣ್ಣಗೆ ಕೂತದ್ದು ನನಗೆ ತಿಳಿಯಿತು. ಬದುಕಿದೆ ಅಂದುಕೊಂಡೆ.

ಕೈ ಅಲ್ಲೇ ನಿಂತಿತು.

"ಪದ್ಮಾ, ತಾಳಿ ಕಣೋ ಅದು," ಅಂದರು ಅತ್ತೆ, ಗಲಾಟೆ ಕೇಳಿ ಬಂದು ಬಾಗಿಲಲ್ಲಿ ನಿಂತು. "ಕೊಯ್ಬೇಡ. ಗಾಲಿ ಹಿಂದೆ ತಿರುಗ್ಸು."

ಇವರು ಚಾಕು ತೆಗೆದರು. ನಾನು ಕಣ್ಣಾರೆ ನೋಡಿದೆ. ತೆಗೆದು ಹಲ್ಲಲ್ಲಿ ಕಚ್ಚಿಕೊಂಡು, ಎರಡೂ ಕೈಯಲ್ಲಿ ಗಾಲಿ ಹಿಡಿದು ಹಿಂದಕ್ಕೆ ತಿರುಗಿಸಲು ಹೋದರು. ಒಳಗೆ ಮೆಣಸಿನಕಾಯಿ ತುಂಬಿದ ಮಿಷನ್ನು ತಿರುಗುತ್ತದೆಯೇ? ಗಾಲಿ ಮುಂದಕ್ಕೇ ಒಂದಿಷ್ಟು ಜಾರಿತು, ದಾರ ಇನ್ನೂ ಬಿಗಿಯಾಯಿತು. ಚಾಕು ಮತ್ತೆ ಕೈಗೆ ಬಂತು. ಮತ್ತೆ ಅಮ್ಮನ ಮುಖ ನೋಡಿದರು. ನನ್ನ ಮುಖ ನೋಡಲಿಲ್ಲ. ಒಂದೇ ಮಂಚದಲ್ಲಿ ಮಲಗಿದ ಮನುಷ್ಯ, ನನಗೆ ಜ್ವರ ಬಂದರೆ ಗಂಜಿ ಕಾಸಿಕೊಟ್ಟ ಮನುಷ್ಯ, ನನ್ನ ಕಣ್ಣು ಹೊರಗೆ ಬರುತ್ತಿರುವಾಗ ಚಾಕು ಹಿಡಿದು ಯೋಚನೆ ಮಾಡುತ್ತಾ ನಿಂತಿದ್ದರು. ಕತ್ತಲು ಕವಿಯುತ್ತಿತ್ತು. ನಾನು ಅವರ ಮಣಿಕಟ್ಟು ಹಿಡಿದು, ಕುತ್ತಿಗೆಗೆ ಎಳೆದುಕೊಂಡು, ಅವರ ಕೈಯಿಂದಲೇ ಆ ದಾರ ಕೊಯ್ದೆ.

ರಂಗಮ್ಮ ಹಿಂದಿನಿಂದ ಕಂಡದ್ದು ಇವರ ಕೈ ಮತ್ತು ಚಾಕು. "ಅಯ್ಯರು ಬಂದು ಕೊಯ್ದಿದ್ಕೆ ಸೈ, ಇಲ್ದಿದ್ರೆ ಅಮ್ಮ ಇರ್ತಿರ್ಲಿಲ್ಲ," ಅಂತ ಅವಳು ಪೇಟೆಗೆಲ್ಲ ಹೇಳಿದಳು. ಸಾಗರದ ಡಾಕ್ಟರು ಗಂಟಲು ನೋಡಿ, ಊತ ಇಳಿಯುವ ತನಕ ಮಾತಾಡಬೇಡಿ ಅಂದರು. ಹಾಗಾಗಿ ನಾನು ಬಾಯಿ ಬಿಡುವ ಮುಂಚೆಯೇ ಕಥೆ ಊರು ಸುತ್ತಿ ಬಂದಿತ್ತು. ನೋಡಲು ಬಂದವರೆಲ್ಲ ಇವರ ಕೈ ಕುಲುಕಿ ಹೋದರು. ಇವರು ಇಲ್ಲ ಅನ್ನಲಿಲ್ಲ, ಹೌದು ಅನ್ನಲಿಲ್ಲ, ನೆಲ ನೋಡುತ್ತಾ ಕಾಫಿ ಕುಡಿಯಿರಿ ಅಂದರು.

ಅತ್ತೆ ನನ್ನ ಕುತ್ತಿಗೆಗೆ ದಿನಾ ತುಪ್ಪ ಹಚ್ಚಿದರು. ಕೈ ಬಹಳ ಹಗುರ ಅವರದ್ದು. ಹಚ್ಚುತ್ತಾ ಒಂದು ದಿನ ಕಣ್ಣೀರು ಹಾಕಿದರು.

"ಹೆದ್ರಬೇಡ ಮಗಾ," ಅಂದರು. "ಹೋಗಿದ್ರೂ ಮುತ್ತೈದೆಯಾಗೇ ಹೋಗ್ತಿದ್ದೆ."

ಸಮಾಧಾನಕ್ಕೆ ಹೇಳಿದ ಮಾತು ಅದು. ಪ್ರೀತಿಯಿಂದ ಹೇಳಿದ್ದು. ತುಪ್ಪದ ಬಟ್ಟಲು ಅವರ ಕೈಯಿಂದ ತೆಗೆದಿಟ್ಟು, ಇನ್ನು ನಾನೇ ಹಚ್ಚಿಕೊಳ್ಳುತ್ತೇನೆ ಅಂತ ಸನ್ನೆ ಮಾಡಿದೆ.

ಮಾತು ಬಂದ ಮೇಲೆ ಗಿರಣಿಗೆ ಹೋದೆ. ಬೆಳಿಗ್ಗೆ ಇನ್ನೂ ಯಾರೂ ಬಂದಿರಲಿಲ್ಲ. ಇವರು ಜಾಲರಿಗೆ ಹೊಸ ಬೋಲ್ಟು ಹಾಕುತ್ತಿದ್ದರು. ನನ್ನನ್ನು ಕಂಡು ಎದ್ದು ಬಂದು, ಅಂಗೈ ಬಿಚ್ಚಿ ತೋರಿಸಿದರು. ಹೊಸ ದಾರದಲ್ಲಿ ಪೋಣಿಸಿದ ತಾಳಿ.

"ಅಮ್ಮ ಕೊಟ್ರು. ಹಾಕ್ಲಾ?"

"ಯಾಕೆ ನಿಲ್ಸಿದ್ರಿ?" ಅಂದೆ.

"ಎಂತ?"

"ಚಾಕು ತಂದು ಕುತ್ತಿಗೆ ಹತ್ರ ಇಟ್ಟು ಯಾಕೆ ನಿಲ್ಸಿದ್ರಿ ಅಂತ ಕೇಳ್ತಿದೀನಿ."

"ಅಮ್ಮ ಬೇಡ ಅಂದ್ರಲ್ಲ."

"ಅಮ್ಮ ಹೇಳೋ ಮುಂಚೆನೇ ನಿಂತಿತ್ತು ನಿಮ್ಮ ಕೈ."

ಅವರು ಸುಳ್ಳು ಹೇಳುವ ಮನುಷ್ಯರಲ್ಲ.

"ತಾಳಿ ಅಲ್ವನೇ. ಕೈ ಬರ್ಲಿಲ್ಲ."

"ಇದನ್ನೆಲ್ಲ ನೀವು ನಂಬಲ್ವಲ್ಲ?"

"ನಂಬಲ್ಲ," ಅಂದರು. ಆಮೇಲೆ ಮೆಲ್ಲಗೆ, "ಅಕಸ್ಮಾತ್ ನಿಜ ಆಗಿದ್ರೆ ಅನ್ನಿಸ್ತು."

ಮೆಣಸಿನಕಾಯಿ ಚೀಲದ ಮೇಲೆ ಕೂತುಬಿಟ್ಟೆ. ನಾನು ಸಾಯುವುದು ಅವರ ಕಣ್ಣೆದುರಿಗೇ ಇತ್ತು, ಅವರು ಸಾಯುವುದು ಅಕಸ್ಮಾತ್ತಿನಲ್ಲಿತ್ತು, ಎರಡನ್ನೂ ತೂಗಿ ನೋಡಲು ಅವರಿಗೆ ಹೊತ್ತು ಬೇಕಾಗಿತ್ತು. ಸಿಟ್ಟು ನೆತ್ತಿಗೇರಿತು. ಅವರ ಬೆರಳುಗಳನ್ನು ಒಂದೊಂದಾಗಿ ಮಡಚಿ ತಾಳಿಯ ಮೇಲೆ ಮುಚ್ಚಿದೆ.

"ಹಂಗಾರೆ ನೀವೇ ಇಟ್ಕೊಳ್ಳಿ. ನಿಮ್ಮ ಜೀವ ಇದ್ರೊಳಗಿದ್ರೆ ನಿಮ್ಮ ಹತ್ರಾನೇ ಇರ್ಲಿ. ನನ್ನ ಕುತ್ತಿಗೆ ಯಾಕೆ ಬೇಕು ಅದಕ್ಕೆ?"

ಕೋಪಕ್ಕೆ ಅಂದ ಮಾತು. ನಾಚಿಕೆಯಾಗಿ ತಲೆ ತಗ್ಗಿಸುತ್ತಾರೆ ಅಂದುಕೊಂಡೆ. ಬೈಯಬಹುದು ಅಂದುಕೊಂಡೆ. ಹಾಳಾಗಿ ಹೋಗಲಿ ಈ ತಾಳಿ, ನೀನು ಉಳಿದೆಯಲ್ಲ ಅನ್ನುತ್ತಾರೇನೋ ಅಂತಲೂ ಕಾದೆ, ನಿಜ ಹೇಳುತ್ತೇನೆ, ಅದಕ್ಕೇ ಕಾದೆ.

ಇವರು ಮುಷ್ಟಿ ಬಿಚ್ಚಿ ತಾಳಿಯನ್ನು ನೋಡಿದರು. ದಾರದ ಎರಡು ತುದಿ ಹಿಡಿದು, ಗಂಟು ಗಟ್ಟಿ ಇದೆಯೇ ಅಂತ ಎಳೆದು ನೋಡಿದರು. ಆಮೇಲೆ ಅಂಗಿಯ ಜೇಬಿಗೆ ಹಾಕಿಕೊಂಡು, ಬೀಳದ ಹಾಗೆ ಗುಂಡಿ ಹಾಕಿದರು.

"ಆಯ್ತು," ಅಂದರು.