ಹೆಲ್ಮುಟ್ ಸಾಹೇಬರ ಕೈ ಎತ್ತಿಸಿದ್ದು

ಬೈಲಹೊಂಗಲದ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ವಿಜಯ ಮಾಸ್ತರರು ಜರ್ಮನ್ ಸಾಹೇಬರಿಗೆ ಮಾತು ಕೊಟ್ಟುಬಿಟ್ಟಿದ್ದರು. "ಸನ್ಮಾನವೆಂದರೆ ಹಾರ ಹಾಕುತ್ತಾರೆ, ಶಾಲು ಹೊದಿಸುತ್ತಾರೆ, ಪೇಢೆ ತಿನ್ನಿಸುತ್ತಾರೆ, ಅಷ್ಟೇ. ಜನರೆದುರು ನಿಮ್ಮ ಕೈಗೆ ರ‍್ಯಾಕೆಟ್ ಬರದ ಹಾಗೆ ನೋಡಿಕೊಳ್ಳುವುದು ನನ್ನ ಜವಾಬ್ದಾರಿ."

ಸಾಹೇಬರ ಹೆಸರು ಹೆಲ್ಮುಟ್ ಓಸ್ಟರ್‌ಕಾಂಪ್. ೧೯೯೬ರ ಚಳಿಗಾಲದಲ್ಲಿ ಯರಗಟ್ಟಿ ರಸ್ತೆಯ ಹೊಸ ಸಕ್ಕರೆ ಕಾರ್ಖಾನೆಗೆ ಟರ್ಬೈನ್ ಕೂಡಿಸಲು ಬಂದವರು. ಓಸ್ಟರ್‌ಕಾಂಪ್ ಯಾರ ಬಾಯಿಗೂ ಹಿಡಿಸಲಿಲ್ಲ. ಹೆಲ್ಮುಟ್ ಮಾತ್ರ ಎರಡೇ ದಿನದಲ್ಲಿ ಹೆಲ್ಮೆಟ್ ಆಯಿತು. ಕಾರ್ಖಾನೆಯಲ್ಲಿ ಅವರು ಹಳದಿ ಹೆಲ್ಮೆಟ್ ತೆಗೆಯುತ್ತಲೇ ಇರಲಿಲ್ಲವಾದ್ದರಿಂದ ಆ ಹೆಸರು ತಲೆಗೆ ಸರಿಯಾಗಿಯೇ ಕೂತಿತ್ತು.

ಸಾಹೇಬರು ಟರ್ಬೈನಿಗೆ ಮೊದಲು ಹನ್ನೊಂದು ವರ್ಷ ಟೆನಿಸ್ ಆಡಿದ್ದರೆಂಬುದು ಮಾಸ್ತರರಿಗೆ ಸಂಜೆಯ ಚಹಾದ ಜೊತೆ ತುಂಡುತುಂಡಾಗಿ ತಿಳಿದಿತ್ತು. ಜಗತ್ತಿನ ಪಟ್ಟಿಯಲ್ಲಿ ನೂರಾ ನಲವತ್ತೆರಡನೆಯವರು. ಗೆದ್ದದ್ದು ಒಂದೇ ಒಂದು ಸಣ್ಣ ಪಂದ್ಯಾವಳಿ. ಉಳಿದದ್ದೆಲ್ಲ ಮೊದಲ ಸುತ್ತು, ರೈಲು, ಇನ್ನೊಂದು ಊರು, ಮತ್ತೆ ಮೊದಲ ಸುತ್ತು. ಮೂವತ್ತೊಂದನೇ ವಯಸ್ಸಿಗೆ ಬಲಭುಜ ಕೈಕೊಟ್ಟಿತು. ಕೊನೆಯ ಪಂದ್ಯದಲ್ಲಿ ಸರ್ವೀಸಿಗೆ ತೋಳು ಕಿವಿಯಿಂದ ಮೇಲಕ್ಕೆ ಏಳಲೇ ಇಲ್ಲ. ಸಣ್ಣ ಮಕ್ಕಳ ಹಾಗೆ ಸೊಂಟದ ಕೆಳಗಿನಿಂದ ಚೆಂಡು ಹಾಕಿದರು. ನೋಡುತ್ತಿದ್ದವರು ನಕ್ಕರು, ಸಿಳ್ಳೆ ಹೊಡೆದರು. ಅಂದಿನಿಂದ ಅವರು ರ‍್ಯಾಕೆಟ್ ಮುಟ್ಟಿರಲಿಲ್ಲ.

ಸನ್ಮಾನದ ಗೀಳು ಹತ್ತಿದ್ದು ಕಾಲೇಜಿನ ಅಧ್ಯಕ್ಷ ನಿಜಗುಣಪ್ಪನವರಿಗೆ. ಅರಳೆ ವ್ಯಾಪಾರಿ, ಉದಾರಿ, ಪುಸ್ತಕಕ್ಕಿಂತ ಪೆಂಡಾಲ್ ಕಂಡರೆ ಪ್ರೀತಿ. ಮಾಸ್ತರರು ಬರೆದುಕೊಟ್ಟ ಪರಿಚಯ ಓದಿ ಅವರು ಕನ್ನಡಕ ಏರಿಸಿದರು.

"ಮೂವತ್ತೊಂದಕ್ಕ ನಿವೃತ್ತಿ? ಐವತ್ತೆಂಟು ಇರಬೇಕ ನೋಡ್ರಿ. ಅಂಕಿ ತಪ್ಪೈತಿ."

"ಇಲ್ರೀ, ಮೂವತ್ತೊಂದ."

"ಮತ್ತ ನೂರಾ ನಲವತ್ತೆರಡನೇ ನಂಬರ ಅಂದ್ರ ಪಾಸೋ ನಪಾಸೋ?"

ಮಾಸ್ತರರು ಯೋಚಿಸಿದರು. ಜಗತ್ತಿನಲ್ಲಿ ನೂರಾ ನಲವತ್ತೆರಡನೆಯವನು ಗೆದ್ದವನೋ ಸೋತವನೋ, ಅವರಿಗೂ ಹೊಳೆಯಲಿಲ್ಲ. "ಪಾಸ್ರೀ," ಎಂದುಬಿಟ್ಟರು.

ಸಾಹೇಬರ ಕೈಯಿಂದ ಉದ್ಘಾಟನೆ ಮಾಡಿಸಲೆಂದು ಕಾಲೇಜಿನ ಬಯಲಿನಲ್ಲಿ ಒಂದು ಟೆನಿಸ್ ಅಂಕಣವೂ ತಯಾರಾಯಿತು. ಕೆಂಪು ಮಣ್ಣಿನದು ಆಗಬೇಕೆಂದು ಸಾಹೇಬರು ಹೇಳಿದ್ದೇ ತಡ, ನಿಜಗುಣಪ್ಪನವರು ಗರಡಿಯ ಮಹಮ್ಮದಗೌಸ ಪೈಲ್ವಾನರನ್ನು ಕರೆಸಿದರು. ಪೈಲ್ವಾನರು ತಮಗೆ ಗೊತ್ತಿದ್ದ ಹಾಗೆ ಮಣ್ಣು ಜರಡಿ ಹಿಡಿದು, ಎಣ್ಣೆ, ಮಜ್ಜಿಗೆ, ಅರಿಶಿಣ ಹಾಕಿ ಹದ ಮಾಡಿದರು. ಮಣ್ಣು ಹಾಸಿಗೆಯಂತಾಯಿತು. ಬಿದ್ದ ಚೆಂಡು ಏಳಲೊಲ್ಲದು. ಮಾಸ್ತರರು ತಲೆ ಕೆರೆದುಕೊಂಡರೆ ಪೈಲ್ವಾನರು ಹೆಮ್ಮೆಯಿಂದ, "ಬಿದ್ದವರಿಗೆ ನೋವಾಗಬಾರ್ದ್ರಿ, ಸರ," ಎಂದರು.

ಸಮಾರಂಭದ ದಿನ ಹಾರವಾಯಿತು, ಶಾಲಾಯಿತು, ಪೇಢೆಯಾಯಿತು. ಮಾಸ್ತರರು ಇನ್ನೇನು ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಹಲಗೆ ಬಾರಿಸುವವರು ಒಳಗೆ ಬಂದರು. ನಿಜಗುಣಪ್ಪನವರು ಸಾಹೇಬರ ಕೈ ಹಿಡಿದು ಅಂಕಣದ ಸುತ್ತ ನಡೆಸತೊಡಗಿದರು. ಕುಸ್ತಿಯಲ್ಲಿ ಗೆದ್ದವರಿಗೆ ಹೀಗೆ ಮೆರವಣಿಗೆ ಮಾಡುವುದನ್ನು ಅವರು ದೂರದಿಂದ ನೋಡಿದ್ದರು. ಗೌರವಕ್ಕೆ ಇರಲಿ ಎಂದು ಸೇರಿಸಿದ್ದರು. ಸುತ್ತಿನ ಕೊನೆಗೆ ಸಾಹೇಬರ ಬಲಗೈ ಹಿಡಿದು ಮೇಲಕ್ಕೆತ್ತಿದರು.

ಭುಜದ ನೋವಿಗೆ ಸಾಹೇಬರು ಹಲ್ಲು ಕಚ್ಚಿ ಮುಖ ಕಿವುಚಿದರು.

"ಅಬಬಬ, ಸಿಟ್ಟ ನೋಡೋ ಅವಂದು!" ಎಂದು ಹಿಂದಿನಿಂದ ಯಾರೋ ಕೂಗಿದರು.

ಹಲಗೆ ನಿಂತಿತು. ಆಗಲೇ ಮಾಸ್ತರರಿಗೆ ಹೊಳೆದದ್ದು. ಕುಸ್ತಿ ಆಗುವ ಮೊದಲೇ ಹಲಗೆ ಬಾರಿಸಿ, ಸುತ್ತು ಹಾಕಿಸಿ, ಕೈ ಎತ್ತಿಸಿದರೆ ಈ ಕಡೆ ಅರ್ಥ ಒಂದೇ: ಗಂಡಸಾದವನು ಎದುರು ಬರಲಿ.

ಅರವತ್ತೆರಡರ ಮಹಮ್ಮದಗೌಸ ಪೈಲ್ವಾನರು ಎದ್ದರು. ಟೊಪ್ಪಿಗೆ ತೆಗೆದಿಟ್ಟು, ಮಣ್ಣು ಹಣೆಗೆ ಹಚ್ಚಿ, ತೊಡೆ ತಟ್ಟಿದರು.

"ಮಂಡಿ ಸಂಭಾಳಿಸ್ಕೋರಿ!" ಹೆಂಗಸರ ಸಾಲಿನಿಂದ ಅವರ ಹೆಂಡತಿ ಖತಿಜಾಬಿ ಕೂಗಿದಳು.

ಮಾಸ್ತರರು ಓಡಿದರು. "ಚಾಚಾ, ಇದು ಕುಸ್ತಿ ಅಲ್ರಿ. ಸಾಹೇಬ್ರು ಆಡಾಂಗಿಲ್ಲ. ಮಾತ ಕೊಟ್ಟೇನಿ."

"ಕೈ ಎತ್ತಿಸಿ ಈಗ ಆಡಾಂಗಿಲ್ಲಂದ್ರ ಹೆಂಗ್ರಿ ಸರ? ನಾ ತಿರುಗಿ ಹೋಗಿ ಕುಂತ್ರ ನಾಳೆ ಈ ಮಂದಿ ಅವರಿಗೆ ಏನಂತಾರ? ಹೆದರಿದ ಅಂತಾರ."

"ಏನು ಹೇಳುತ್ತಿದ್ದಾರೆ?" ಎಂದರು ಸಾಹೇಬರು.

ಅಷ್ಟರಲ್ಲಿ ಪೈಲ್ವಾನರು ಹತ್ತಿರ ಬಂದು, ಸಾಹೇಬರ ಭುಜದ ಮೇಲೆ ಹೆಬ್ಬೆರಳಿಟ್ಟು ಒತ್ತಿ ನೋಡಿದರು. ಊರಿನ ಅರ್ಧ ಕೀಲುಗಳನ್ನು ಕೂಡಿಸಿದ ಬೆರಳು. ನೋವಿನ ಜಾಗ ಒಂದೇ ಸಲಕ್ಕೆ ಸಿಕ್ಕಿತು.

"ಹಳೇ ಪೆಟ್ಟು," ಎಂದರು ಮೆಲ್ಲಗೆ. ತಮ್ಮ ಬಲಗೈ ಎತ್ತಿ ತೋರಿಸಿದರು. ಅದೂ ಕಿವಿಯ ಮಟ್ಟಕ್ಕೇ ನಿಂತಿತು. "ನಂದೂ ಹಂಗ ಐತಿ, ಅನ್ರಿ ಅವರಿಗೆ. ಅವರ ಆಟಾನ ಆಡೂಣು, ಚೆಂಡ ಕೆಳಗಿಂದ ಹಾಕ್ಲಿ. ನಾನೂ ಕೆಳಗಿಂದನ ಹಾಕತೇನಿ."

ಮಾಸ್ತರರು ಅದನ್ನು ಇಂಗ್ಲಿಷಿಗೆ ತಂದರು. ಸಾಹೇಬರು ಪೈಲ್ವಾನರ ತೋಳನ್ನು ನೋಡಿದರು. ಆಮೇಲೆ, ಫೋಟೋಕ್ಕೆಂದು ಬೆಳಗಾವಿಯಿಂದ ತರಿಸಿದ್ದ ಎರಡು ರ‍್ಯಾಕೆಟ್‌ಗಳ ಕಡೆಗೆ ತಾವೇ ನಡೆದರು.

ಸೊಂಟದ ಕೆಳಗಿನಿಂದ ಚೆಂಡು ಹೋಯಿತು. ಬಯಲು ತುಂಬ ಸಿಳ್ಳೆ. ಸಾಹೇಬರು ಬೆಚ್ಚಿ ಮಾಸ್ತರರತ್ತ ತಿರುಗಿದರು.

"ನಗುತ್ತಿದ್ದಾರೆಯೇ?"

"ಇಲ್ಲ," ಎಂದರು ಮಾಸ್ತರರು. ತಿರುಗಿ ನೋಡಿ ಖಾತ್ರಿ ಮಾಡಿಕೊಂಡರು. "ಚೆಂಡನ್ನು ಮೇಲಿನಿಂದ ಹಾಕುವ ಪದ್ಧತಿ ಇದೆಯೆಂದೇ ಇವರಿಗೆ ಗೊತ್ತಿಲ್ಲ. ಚಲೋ ಹಾಕಿದಿರಿ ಅನ್ನುತ್ತಿದ್ದಾರೆ."

ಚೆಂಡು ಹಾಸಿಗೆ ಮಣ್ಣಿನಲ್ಲಿ ಕೂತುಬಿಟ್ಟಿತ್ತು. ಪೈಲ್ವಾನರು ಅದನ್ನು ಎತ್ತಿಕೊಂಡು, ರ‍್ಯಾಕೆಟ್ಟನ್ನು ಎರಡೂ ಕೈಯಲ್ಲಿ ಗದೆಯಂತೆ ಹಿಡಿದು ಕೆಳಗಿನಿಂದ ಬೀಸಿದರು. ಚೆಂಡು ಕಾಲೇಜಿನ ಹಂಚು ದಾಟಿ ಹೋಯಿತು. ಬಯಲಿಗೆ ಬಯಲೇ ಎದ್ದು ನಿಂತಿತು.

"ಗೌಸಸಾಬ್ರು ಗೆದ್ರು!"

"ಹೆಂಗ ಗೆದ್ರು? ಯಾರ ಬೆನ್ನೂ ಮಣ್ಣಿಗೆ ಹತ್ತಿಲ್ಲ!"

ನಿಜಗುಣಪ್ಪನವರು ಮೈಕ್ ಹಿಡಿದರು. ಏನು ಸಾರಬೇಕೆಂದು ತಿಳಿಯದೆ ಹಲೋ, ಹಲೋ ಎನ್ನುತ್ತಲೇ ಇದ್ದರು.

"ಯಾರು ಗೆದ್ದರು?" ಕೇಳಿದರು ಸಾಹೇಬರು.

"ತಿಳಿಯುತ್ತಿಲ್ಲ. ನಾನು ಮಾತು ತಪ್ಪಿದೆ, ಅದಷ್ಟು ತಿಳಿದಿದೆ. ಕ್ಷಮಿಸಿ."

ಸಾಹೇಬರಿಗೆ ಅದು ಕೇಳಿಸಿತೋ ಇಲ್ಲವೋ. ಶಾಲನ್ನು ಸೊಂಟಕ್ಕೆ ಬಿಗಿದುಕೊಂಡು, ಇನ್ನೊಂದು ಚೆಂಡು ಕೊಡಿ ಎಂದು ಅವರು ಆಗಲೇ ಕೈ ಚಾಚಿದ್ದರು.