ಬಿಸಿಲಿಗೂ ಬಗ್ಗದ, ಮಗಳಿಗೂ ಬಗ್ಗದ ಗಂಗವ್ವ

ಜುಲೈ ತಿಂಗಳ ಮಟಮಟ ಮಧ್ಯಾಹ್ನ. ಅಮೆರಿಕದ ಪ್ಲಿಮತ್ತಿನಲ್ಲಿ ತೊಂಬತ್ತಾರು ಡಿಗ್ರಿ ಫ್ಯಾರನ್‌ಹೀಟ್. ಬಡಾವಣೆಯ ಬೀದಿಗಳಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಗಂಗವ್ವ ಮಾತ್ರ ಇಳಕಲ್ ಸೀರೆಯ ಕೆಳಗೆ ಸ್ನೀಕರ್ಸ್ ಹಾಕಿಕೊಂಡು ವಾಕಿಂಗಿಗೆ ಹೊರಟಿದ್ದಳು. ಮಗಳ ಮನೆಯ ಎಸಿ ಆಕೆಗೆ ಆಗಿಬರುವುದಿಲ್ಲ, ಐಸ್ ನೀರು ಗಂಟಲಲ್ಲಿ ಇಳಿಯುವುದಿಲ್ಲ. ಹಾಗಾಗಿ ಬೆಳಗಿನಿಂದ ಕುಡಿದದ್ದು ಒಂದು ಕಪ್ ಚಹಾ ಮಾತ್ರ.

“ಈ ಬಿಸಿಲಾಗ ಬ್ಯಾಡ ಅವ್ವಾ,” ಮಗಳು ಗಗನಾ ಲ್ಯಾಪ್‌ಟಾಪಿನಿಂದ ತಲೆ ಎತ್ತಿ ಹೇಳಿದಳು.

“ರಾಯಚೂರು ಬಿಸಿಲಾಗ ಬೆಳೆದಾಕಿ ನಾ. ಈ ಊರ ಬಿಸಿಲು ನನಗೇನು ಮಾಡ್ತದ?”

ಬಿಸಿಲು ಮಾಡುವುದನ್ನು ಮಾಡಿತು. ಎರಡನೇ ತಿರುವಿನಲ್ಲಿ ಗಂಗವ್ವನಿಗೆ ಕಣ್ಣು ಕತ್ತಲೆ ಬಂತು. ಹಿಡಿದುಕೊಂಡವರು ಪಕ್ಕದ ಮನೆಯ ಲಿನ್. ಚೀನಾದ ಸಾಂಪ್ರದಾಯಿಕ ವೈದ್ಯಪದ್ಧತಿ ಕಲಿತು, ಅಕ್ಯುಪಂಕ್ಚರ್ ಲೈಸೆನ್ಸ್ ಪಡೆದು ಕ್ಲಿನಿಕ್ ನಡೆಸುವ ಹೆಂಗಸು. ಆಕೆ ಗಂಗವ್ವನನ್ನು ನೆರಳಿನಲ್ಲಿ ಕೂರಿಸಿ, ಕುತ್ತಿಗೆಗೆ ಒದ್ದೆ ಬಟ್ಟೆ ಹಾಕಿ, ಗುಟುಕು ಗುಟುಕಾಗಿ ನೀರು ಕುಡಿಸಿದರು. ಸ್ವಲ್ಪ ಹೊತ್ತಿಗೆ ಗಂಗವ್ವ ಚೇತರಿಸಿಕೊಂಡಳು.

“ಇನ್ನ ಮ್ಯಾಲ ವಾಕಿಂಗ್ ಬಂದ್!” ಲಿನ್ ಫೋನ್ ಮಾಡಿದೊಡನೆ ಓಡಿ ಬಂದ ಗಗನಾಳ ಕಣ್ಣಲ್ಲಿ ನೀರಿತ್ತು.

“ಮನಿಯಾಗ ಕೂಡಿ ಹಾಕ್ತೀಯೇನ? ನಡಿಯೋದು ನಾ ಬಿಡಂಗಿಲ್ಲ!”

ಲಿನ್ ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ ಕೇಳಿದರು. ಗಗನಾ ಕನ್ನಡಕ್ಕೆ ತಂದಳು: “ರಾಯಚೂರಾಗ ಮಧ್ಯಾಹ್ನ ಹನ್ನೆರಡಕ್ಕ ಹೊರಗ ಹೋಗ್ತಿದ್ರೇನು, ಅಂತ ಕೇಳ್ತಾರ.”

“ಹುಚ್ಚು ಹಿಡಿದದ ಏನ್ ನನಗ? ಮಕ್ಕೊಂತಿದ್ದೆ!”

ಹೇಳಿದ ಮೇಲೆ ಗಂಗವ್ವ ತಾನೇ ನಾಲಿಗೆ ಕಚ್ಚಿಕೊಂಡಳು.

“ನಮ್ಮಲ್ಲೂ ಹಾಗೇ,” ಎಂದರು ಲಿನ್. ಗಗನಾ ಕನ್ನಡಕ್ಕೆ ತರುತ್ತಾ ಹೋದಳು. “ಬೇಸಿಗೇಲಿ ಬೆಳಿಗ್ಗೆ ಬೇಗ ಏಳು, ಮಧ್ಯಾಹ್ನ ಮಲಗು ಅಂತಾರೆ. ಐಸ್ ಬೇಡ ಅಂದ್ರೆ ಉಗುರುಬೆಚ್ಚಗಿನ ನೀರು ಕುಡೀರಿ, ಆದ್ರೆ ಕುಡೀಲೇಬೇಕು. ಮೈಗೆ ಬೆಂಕಿ ಏರಿದೆ ಅಂತಾರೆ ನಮ್ಮ ಕಡೆ. ಅದಕ್ಕೆ ಹೆಸರುಕಾಳಿನ ತಿಳಿ ಸೂಪು.”

“ಹಂಗಾದ್ರ ಇವರಿಗೂ ಉಷ್ಣ ಆಗ್ತದ!” ಗಂಗವ್ವನ ಮುಖ ಅರಳಿತು. ಅಂದಿನಿಂದ ಲಿನ್ ಆಕೆಗೆ ಲಿನ್ನವ್ವ ಆದರು, ಹೆಸರುಕಾಳಿನ ಸೂಪಿಗೆ ಜೀರಿಗೆ ಒಗ್ಗರಣೆಯೂ ಬಿತ್ತು.

ಆದರೆ ನಮ್ಮವರಿಗೆ ಒಂದು ರೋಗ ಇದೆ. ನಂಬದಿದ್ದರೆ ಏನೂ ನಂಬುವುದಿಲ್ಲ, ನಂಬಿದರೆ ಎಲ್ಲವನ್ನೂ ನಂಬುತ್ತೇವೆ. ಊರಿನ ಕನ್ನಡಿಗರ ಪಿಕ್‌ನಿಕ್ಕಿನಲ್ಲಿ ಯಾರೋ ಕೊಟ್ಟ ‘ಚೀನೀ ತಂಪಿನ ಪುಡಿ’ ಹಿಡಿದು ಗಂಗವ್ವ ಲಿನ್ ಮನೆಗೆ ಹೋದಳು. ಮಾತು ಅರ್ಥ ಮಾಡಿಸಲು ಗಗನಾ ಕೂಡ ಜೊತೆಗಿದ್ದಳು.

“ಇದು ಕುಡದ್ರ ಸಾಕಂತ. ಬಿಪಿ ಗುಳಿಗಿ ಬಿಡ್ತೀನಿ.”

ಪೊಟ್ಟಣ ಓದಿದ ಲಿನ್ ಮುಖ ಕೆಂಪಾಯಿತು. “ಇದರಲ್ಲಿ ಜೇಷ್ಠಮಧು ಇದೆ. ಬಿಪಿ ಏರಿಸುತ್ತೆ. ಗುಳಿಗೆ ಬಿಟ್ಟರೆ ನನ್ನ ಸೂಪೂ ಇಲ್ಲ!”

“ನಿಮ್ಮ ವೈದ್ಯಾನ ನೀವೇ ಬ್ಯಾಡ ಅಂತೀರಲ್ಲ?”

“ಅದು ನನಗೆ ಗೊತ್ತಿದೆ, ಅದಕ್ಕೇ ಬೇಡ ಅಂತಿರೋದು. ನಿಮ್ಮ ಡಾಕ್ಟರನ್ನ ಕೇಳದೆ ಯಾವ ಪುಡೀನೂ ಮುಟ್ಟಬೇಡಿ, ಯಾವ ಗುಳಿಗೇನೂ ಬಿಡಬೇಡಿ.”

ಗಂಗವ್ವ ಪುಡಿಯನ್ನು ಕಸದ ಡಬ್ಬಿಗೆ ಹಾಕಿ, ಮಗಳ ಕಡೆ ತಿರುಗಿದಳು. “ಗುಳಿಗಿ ತಗೋತೀನಿ. ಮಧ್ಯಾಹ್ನ ಹೊರಗ ಹೋಗಂಗಿಲ್ಲ. ಆದ್ರ ಮುಂಜಾನಿ ಆರಕ್ಕ ನಡಿಯೋದು ನಡಿಯೋದೇ. ತಡಿತೀಯೇನು?”

“ಇಲ್ಲವ್ವಾ. ನಾನೂ ಬರ್ತೀನಿ.”

ಓದುವ ಅಕ್ಕಂದಿರೇ, ಅಣ್ಣಂದಿರೇ, ಬಿಸಿಲಿಗೆ ಹೆದರಿ ಮೂಲೆ ಸೇರಬೇಡಿ. ಬಾಯಾರುವ ಮೊದಲೇ ನೀರು ಕುಡಿಯಿರಿ. ಸುಡುವ ಹೊತ್ತಿನಲ್ಲಿ ತಂಪಾದ ಕಡೆ ಇರಿ. ಎಸಿ ಹೆಚ್ಚಾಯಿತೇ, ಶಾಲು ಹೊದೆಯಿರಿ, ಬಿಸಿಲಿಗೆ ಓಡಬೇಡಿ. ಯಾರಿಗಾದರೂ ಮೈ ಸುಡುತ್ತಿದ್ದು, ಮಾತು ತೊದಲಿದರೆ, ಗೊಂದಲವಾದರೆ ಸೂಪು ಕಾಯಿಸುತ್ತ ನಿಲ್ಲಬೇಡಿ, ತಕ್ಷಣ ತುರ್ತು ಸೇವೆಯ 911ಕ್ಕೆ ಫೋನ್ ಮಾಡಿ. ಹಟ ಇರಲಿ, ಅದು ಬದುಕುವ ಹಟವಾಗಿರಲಿ.