ಡಿಕ್ಕಿಯಲ್ಲಿ ಬಂದ ಬಾಗಿನ

ಹನ್ನೆರಡು ದಿನ ನಮ್ಮ ಕಾರಿನ ಡಿಕ್ಕಿಯಲ್ಲಿ ಒಂದು ಜೊತೆ ಬಿದಿರಿನ ಮೊರ ಊರೂರು ಸುತ್ತಿತು. ಲೀಡ್ಸ್‌ನ ನಮ್ಮ ಮನೆಯಿಂದ ಸ್ಕಾಟ್ಲೆಂಡ್, ಅಲ್ಲಿಂದ ವೇಲ್ಸ್, ಆಮೇಲೆ ಕಾರ್ನ್‌ವಾಲ್. ಹೋದಲ್ಲೆಲ್ಲ ಮೊದಲು ಮೊರ ಇಳಿಸಬೇಕು, ಆಮೇಲೆ ಸೂಟ್‌ಕೇಸು. ಮೂರನೆಯ ದಿನಕ್ಕೇ ನನ್ನ ಗಂಡ ಅಮೋಘ್, "ಇದಕ್ಕೂ ಒಂದು ರೂಮ್ ಬುಕ್ ಮಾಡ್ಬೇಕಿತ್ತು" ಎಂದು ಗೊಣಗಿದ. ಎಂಟು ವರ್ಷದ ಮಗಳು ಸಿರಿಶಾ ಬೀಚಿನ ಒದ್ದೆ ಟವೆಲನ್ನು ಅದರ ಮೇಲೇ ಹರವಿದಳು. ಇಬ್ಬರಿಗೂ ಬೈದೆ.

ಮೊರ ಕಳಿಸಿದ್ದು ಮೈಸೂರಿನಲ್ಲಿರುವ ನನ್ನ ಅಪ್ಪ. ಲಂಡನ್ನಿನ ಸ್ಟ್ಯಾನ್ಮೋರ್‌ನಲ್ಲಿರುವ ಅವರ ಅಕ್ಕನಿಗೆ, ಅಂದರೆ ನನ್ನ ಸೋದರತ್ತೆ ಗಿರಿಜಾದೇವಿಗೆ, ತವರಿನ ಗೌರಿ ಬಾಗಿನ. ಅಕ್ಕ ತಮ್ಮ ಮಾತಾಡಿ ಹತ್ತೊಂಬತ್ತು ವರ್ಷವಾಗಿತ್ತು. ಅತ್ತೆಯ ಮಗ ಕಶ್ಯಪನ ಮದುವೆಯ ಲಗ್ನಪತ್ರಿಕೆ ನಮ್ಮ ಮನೆಗೆ ಅಂಚೆಯಲ್ಲಿ ಬಂದಿತ್ತು. ಸೋದರಮಾವನನ್ನು ಮನೆಗೆ ಬಂದು ಕರೆಯಲಿಲ್ಲ ಎಂದು ಅಪ್ಪ ಮದುವೆಗೆ ಹೋಗಲಿಲ್ಲ. ಲಂಡನ್ನಿನಿಂದ ಬಂದು ಹತ್ತೇ ದಿನದಲ್ಲಿ ಮದುವೆ ಮಾಡುವವಳ ಕಷ್ಟ ಒಡಹುಟ್ಟಿದವನಿಗೆ ತಿಳಿಯಬೇಡವೇ ಎಂದು ಅತ್ತೆ ಅಪ್ಪನನ್ನು ಬಿಟ್ಟೇಬಿಟ್ಟರು. ಹಟದಲ್ಲಿ ಇಬ್ಬರೂ ಒಂದೇ ತಾಯಿಯ ಮಕ್ಕಳು.

ಈಗ ಇದ್ದಕ್ಕಿದ್ದಂತೆ ಬಾಗಿನ. "ಅಕ್ಕನ ಕೈಗೇ ಕೊಡು," ಎಂದು ಅಪ್ಪ ದಿನಾ ಫೋನ್ ಮಾಡಿ ಹೇಳುತ್ತಿದ್ದರು. "ಸೊಸೆ ಕೈಗೆ ಬೇಡ. ಮಗನ ಕೈಗೂ ಬೇಡ. ನಂಗೆ ಎಪ್ಪತ್ತೆಂಟು, ಅವಳಿಗೆ ಎಂಬತ್ತೊಂದು. ಇನ್ನೆಷ್ಟು ಹಬ್ಬ ಇದೆ ಹೇಳು?" ವಿಳಾಸವನ್ನು ಪೋಸ್ಟ್‌ಕೋಡ್ ಸಮೇತ ಬಾಯಿಪಾಠ ಒಪ್ಪಿಸಿದರು. ಮಾತೇ ಇಲ್ಲದವರಿಗೆ ಪೋಸ್ಟ್‌ಕೋಡ್ ಹೇಗೆ ಗೊತ್ತು ಎಂದು ಕೇಳಿದೆ. "ನೀನು ಕೊಟ್ಟು ಬಾ, ಸಾಕು," ಎಂದು ಫೋನ್ ಇಟ್ಟರು. ನನಗೆ ತಲೆಬುಡ ತಿಳಿಯಲಿಲ್ಲ. ಆದರೆ ಅಪ್ಪನ ದನಿ ಹಾಗೆ ನಡುಗಿದ್ದನ್ನು ನಾನು ಹಿಂದೆ ಕೇಳಿರಲಿಲ್ಲ. ಇದೊಂದು ಕೆಲಸ ಕೆಡಬಾರದು ಎಂದು ಹಟ ಹಿಡಿದೆ.

ಹಬ್ಬಕ್ಕೆ ಮೂರು ದಿನವಿದ್ದಾಗ ಕಾರ್ನ್‌ವಾಲ್‌ನಿಂದ ಬೆಳಗಿನ ಜಾವವೇ ಹೊರಟೆವು. ಲಂಡನ್ನಿನ ವೆಂಬ್ಲಿಯ ಈಲಿಂಗ್ ರೋಡಿನ ಇಂಡಿಯನ್ ಅಂಗಡಿಗಳಲ್ಲಿ ತೆಂಗಿನಕಾಯಿ, ವೀಳ್ಯದೆಲೆ, ಹಸಿರು ಗಾಜಿನ ಬಳೆ, ಅಚ್ಚುಬೆಲ್ಲ ಸಿಕ್ಕಿದವು. ಕಾರ್ ಪಾರ್ಕಿನಲ್ಲೇ ಡಿಕ್ಕಿ ತೆಗೆದು ಅಕ್ಕಿ, ಬೇಳೆ, ರವಿಕೆ ಕಣ, ಅರಿಸಿನ, ಕುಂಕುಮ, ಕನ್ನಡಿ, ಬಾಚಣಿಗೆ ಎಲ್ಲ ಜೋಡಿಸಿ, ಮೇಲೆ ಇನ್ನೊಂದು ಮೊರ ಮುಚ್ಚಿ ದಾರ ಕಟ್ಟಿದೆ. ಅಮೋಘ್ ಪಾರ್ಕಿಂಗ್ ವಾರ್ಡನ್ ಬರುತ್ತಾನೇನೋ ಎಂದು ಕಾವಲು ನಿಂತಿದ್ದ.

ಸ್ಟ್ಯಾನ್ಮೋರ್‌ನ ಮನೆಯ ಬಾಗಿಲು ತೆರೆದದ್ದು ಕಶ್ಯಪ್. ಬಾಗಿಲ ಪಕ್ಕ ದೊಡ್ಡ ಅಳತೆಯ ವಾಕಿಂಗ್ ಶೂ ಒಂದು ಜೊತೆ, ಮೊಳೆಗೆ ಒಂದು ಉಣ್ಣೆಯ ಟೋಪಿ. ಅತ್ತೆಯ ಗಂಡ, ನಮ್ಮ ಮಾವ, ಮನೆಯಲ್ಲೇ ಇದ್ದಾರೆ ಎಂದುಕೊಂಡೆ. ನನ್ನ ಕೈಯಲ್ಲಿದ್ದ ಮೊರ ನೋಡಿದ್ದೇ ಕಶ್ಯಪನ ಮುಖ ಒಂದು ಥರಾ ಆಯಿತು. ಅವನ ಹೆಂಡತಿ ಶ್ರೀಲತಾ ಓಡಿ ಬಂದು ಅದನ್ನು ಹೆಚ್ಚುಕಮ್ಮಿ ಕಿತ್ತುಕೊಂಡಳು.

"ಇದು ಗ್ಯಾರೇಜಿನಲ್ಲಿರ್ಲಿ ವಂದನಾ. ಈ ವರ್ಷ ನಮ್ಮನೇಲಿ ಹಬ್ಬ ಇಲ್ಲ."

"ಬಾಗಿನ ತಗೊಳ್ಳೋಕೆ ಹಬ್ಬ ಯಾಕೆ ಬೇಕು?" ಎಂದೆ. ಅವಳು ಮೊರ ಹಿಡಿದು ಗ್ಯಾರೇಜಿಗೆ ಹೋದಳು. ಇಷ್ಟು ವರ್ಷದ ಮೇಲೂ ಇವರ ಸಿಟ್ಟು ಇಳಿದಿಲ್ಲವಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು.

ಅತ್ತೆ ಮಾತ್ರ ಸಿಟ್ಟಿನಲ್ಲಿರಲಿಲ್ಲ. ಕಾರ್ಡಿಗನ್ ಹಾಕಿಕೊಂಡು ಊಟದ ಮೇಜಿಗೆ ಕೂತಿದ್ದರು. ಹಣೆಯಲ್ಲಿ ಕುಂಕುಮ. ನನ್ನ ಗಲ್ಲ ಹಿಡಿದು, "ಚಂದ್ರು ಮೂಗೇ ಬಂದಿದೆಯಲ್ಲೇ ನಿಂಗೆ, ಪಾಪ," ಎಂದರು. ಸಿರಿಶಾಳಿಗೆ ಹಪ್ಪಳದ ಮೇಲೆ ಹಪ್ಪಳ ಬಡಿಸಿದರು. ಅಪ್ಪನ ಬಗ್ಗೆ ಮೂಗಿನ ಆಚೆಗೆ ಒಂದಕ್ಷರ ಕೇಳಲಿಲ್ಲ.

"ಮಾವ ಕಾಣ್ತಿಲ್ಲ?" ಎಂದೆ.

"ಹುಳಿ ಹಾಕ್ಲಾ?" ಎಂದಳು ಶ್ರೀಲತಾ. ಕಶ್ಯಪ್ ಅಮೋಘನನ್ನು ಕಾರಿನ ಮೈಲೇಜ್ ಕೇಳತೊಡಗಿದ. ಇನ್ನೊಂದು ಸಲ ಕೇಳಿದೆ. ಅತ್ತೆ ನನ್ನನ್ನು ನೋಡಿ, "ಮೊದ್ಲು ಊಟ ಮಾಡು, ಎಲ್ಲಾ ಹೇಳ್ತೀನಿ," ಎಂದರು. ಮಾವನಿಗೆ ಕಾಯಿಲೆಯೇ? ನಮ್ಮನ್ನು ಕಂಡು ಮೇಲಿನ ರೂಮು ಸೇರಿಕೊಂಡರೇ? ಪ್ರೀತಿಯಿಂದ ಬಡಿಸುತ್ತಾರೆ, ತಂದದ್ದನ್ನು ಗ್ಯಾರೇಜಿಗೆ ಹಾಕುತ್ತಾರೆ. ಎಂಥ ಮನೆ ಇದು ಎಂದು ನನಗೆ ಹೊಳೆಯದೆ ಹುಳಿಯ ರುಚಿಯೂ ತಿಳಿಯಲಿಲ್ಲ. ಅಮೋಘ್ ಮೇಜಿನ ಕೆಳಗೆ ನನ್ನ ಕಾಲು ತುಳಿದ. ಸುಮ್ಮನಿರು ಎಂದು ಅರ್ಥ. ನಾನು ಸುಮ್ಮನಿರುವವಳಲ್ಲ.

ಕೈ ತೊಳೆದವಳು ನೇರ ಗ್ಯಾರೇಜಿಗೆ ಹೋಗಿ, ಮೊರ ತಂದು ಅತ್ತೆಯ ಮುಂದಿಟ್ಟೆ.

"ಅಪ್ಪ ಕಳ್ಸಿದ್ದು ಅತ್ತೆ, ಗೌರಿ ಬಾಗಿನ. ನಿಮ್ಮ ಕೈಗೇ ಕೊಡ್ಬೇಕು ಅಂದಿದಾರೆ."

ಕಶ್ಯಪ್, "ವಂದನಾ, ನಮ್ಮಪ್ಪ ಹೋಗಿ ಒಂಬತ್ತು ತಿಂಗಳಾಯ್ತು," ಎಂದ. "ನವೆಂಬರ್‌ನಲ್ಲಿ. ಹಾರ್ಟ್ ಅಟ್ಯಾಕ್. ಮೈಸೂರಿಗೆ ತಿಳಿಸೋದು ಬೇಡ ಅಂತ ಅಮ್ಮನೇ ಅಂದ್ರು."

"ಮದುವೆಗೇ ಬರದೇ ಇದ್ದೋನನ್ನ ಸಾವಿಗೆ ಕರೀಲಾ ಅಂತ ನಂಗೂ ಹಟ ಬಂತು," ಎಂದರು ಅತ್ತೆ.

ಭೂಮಿ ಬಾಯಿ ಬಿಡಬಾರದೇ ಅನಿಸಿತು. ಮುತ್ತೈದೆಗೆ ಕೊಡುವ ಬಾಗಿನವನ್ನು, ಅದೂ ಬಳೆ ಅರಿಸಿನ ತುಂಬಿ, ಗಂಡನನ್ನು ಕಳೆದುಕೊಂಡವರ ಮುಂದೆ ತಂದಿಟ್ಟಿದ್ದೆ. ಈ ವರ್ಷ ಹಬ್ಬ ಇಲ್ಲ ಎಂದ ಒಂದೇ ಮಾತಿಗೆ ನನಗೆ ತಿಳಿಯಬೇಕಿತ್ತು. ಹಣೆಯ ಕುಂಕುಮ, ಬಾಗಿಲ ಶೂ ನೋಡಿ ಮೋಸಹೋಗಿದ್ದೆ. "ಕ್ಷಮಿಸಿ ಅತ್ತೆ, ನಮಗೆ ಯಾರಿಗೂ ಗೊತ್ತಿರ್ಲಿಲ್ಲ," ಎನ್ನುತ್ತ ಮೊರವನ್ನು ಎತ್ತಿಕೊಳ್ಳಲು ಎರಡೂ ಕೈ ಚಾಚಿದೆ.

ಅತ್ತೆ ಮೊರದ ಮೇಲೆ ಕೈಯಿಟ್ಟರು. "ಇರ್ಲಿ ಬಿಡು. ಮೊದ್ಲು ಅವನಿಗೆ ಫೋನ್ ಮಾಡು."

ಮಾಡಿದೆ. ಸ್ಪೀಕರಿಗೆ ಹಾಕಿದೆ. ಮೊದಲ ರಿಂಗಿಗೇ ಅಪ್ಪ ಎತ್ತಿದರು. "ಕೊಟ್ಯಾ?"

"ಚಂದ್ರು," ಎಂದರು ಅತ್ತೆ.

ಆ ಕಡೆ ಟಿವಿ ಆರಿಸಿದ ಸದ್ದು ಕೇಳಿತು. ಆಮೇಲೆ, "ಅಕ್ಕ."

"ನಿಂಗೆ ಬುದ್ಧಿ ನೆಟ್ಟಗಿದ್ಯೇನೋ? ಗಂಡ ಸತ್ತೋಳಿಗೆ ಬಾಗಿನ ಕಳಿಸ್ತೀಯಲ್ಲ! ಒಂದ್ಮಾತು ವಿಚಾರಿಸೋಕ್ಕೂ ಆಗ್ಲಿಲ್ವಾ?"

"ಗೊತ್ತಿತ್ತು ಅಕ್ಕ."

ನಾನು ಕಶ್ಯಪನ ಮುಖ ನೋಡಿದೆ. ಅವನು ಶ್ರೀಲತಾಳ ಮುಖ ನೋಡಿದ.

"ಭಾವ ಪ್ರತಿ ಭಾನುವಾರ ಫೋನ್ ಮಾಡ್ತಿದ್ರು," ಎಂದರು ಅಪ್ಪ. "ಇಷ್ಟೂ ವರ್ಷ. ನಿನ್ನ ಮಂಡಿ ನೋವು, ನಿನ್ನ ಡಾಕ್ಟರು ಹೇಳಿದ್ದು, ನೀನು ಯಾರ ಜೊತೆ ಜಗಳ ಆಡ್ದೆ, ಎಲ್ಲಾ ಹೇಳೋರು. ನವೆಂಬರ್‌ನಲ್ಲಿ ನಿಂತುಹೋಯ್ತು. ಎರಡು ಭಾನುವಾರ ಕಾದೆ. ಮೂರನೇ ಭಾನುವಾರ ಅರ್ಥ ಆಯ್ತು. ಫೋನ್ ಮಾಡೋಕೆ ಮುಖ ಇರ್ಲಿಲ್ಲ."

ಅತ್ತೆ ಬಾಗಿಲ ಕಡೆ ತಿರುಗಿ ಆ ಶೂಗಳನ್ನು ನೋಡಿದರು. "ಭಾನುವಾರ ಬಂದ್ರೆ ವಾಕಿಂಗ್ ಹೋಗ್ತೀನಿ ಅಂತಿದ್ರು," ಎಂದರು. "ಚಳೀಲಿ ಹೋಗ್ಬೇಡಿ ಅಂತ ಎಷ್ಟು ಬೈದಿದೀನಿ." ಕಣ್ಣು ಒರೆಸಿಕೊಂಡು ಮತ್ತೆ ಫೋನಿಗೆ ಬಗ್ಗಿದರು. "ಅರ್ಥ ಆದ್ಮೇಲೂ ಇದನ್ನ ಯಾಕೋ ಕಳಿಸ್ದೆ?"

"ಅದು ಭಾವನ ಲೆಕ್ಕದಲ್ಲಿ ಬರೋದಲ್ಲ ಅಕ್ಕ. ನೀನು ಈ ಮನೆ ಮಗಳು ಅಂತ ಕೊಡೋದು. ಹತ್ತೊಂಬತ್ತು ವರ್ಷ ಕೊಡ್ದೆ ತಪ್ಪು ಮಾಡ್ಬಿಟ್ಟೆ."

ನನಗೆ ತಡೆಯಲಾಗಲಿಲ್ಲ. "ನಂಗ್ಯಾಕಪ್ಪ ಹೇಳ್ಲಿಲ್ಲ? ಎಂಥಾ ಮುಜುಗರ ಗೊತ್ತಾ?"

"ಹೇಳಿದ್ರೆ ನೀನು ಕೊಡ್ತಿದ್ಯೇನಮ್ಮಾ?"

ಲೀಡ್ಸ್‌ನಲ್ಲಿ ಹೋದ ವರ್ಷದ ಅರಿಸಿನ ಕುಂಕುಮದಲ್ಲಿ ವಿಧವೆಯರನ್ನು ಬಿಡಬಾರದು ಎಂದು ಎಲ್ಲರೆದುರು ಭಾಷಣ ಬಿಗಿದವಳು ನಾನು. ಐದು ನಿಮಿಷದ ಹಿಂದೆ ಮೊರ ಕಿತ್ತುಕೊಳ್ಳಲು ಚಾಚಿದ್ದು ಇವೇ ಕೈಗಳು. ನಾಚಿಕೆಯಿಂದ ತಲೆ ತಗ್ಗಿಸಿ ಮೊರವನ್ನು ಅತ್ತೆಯ ಕಡೆ ಮೆಲ್ಲಗೆ ಸರಿಸಿದೆ.

"ಹೀಗಲ್ಲ," ಎಂದು ಅತ್ತೆ ಗದರಿದರು. "ಪಾರ್ಸೆಲ್ ತಳ್ಳೋ ಹಾಗೆ ತಳ್ತೀಯಲ್ಲ! ಬಾಗಿನ ಸೆರಗು ಮುಚ್ಚಿ ಕೊಡ್ಬೇಕು. ಎಲ್ಲಿ ನಿನ್ನ ಸೆರಗು?"

ನಾನು ಜೀನ್ಸ್‌ನಲ್ಲಿದ್ದೆ. ಯಾರಿಗೂ ಏನೂ ತೋಚದೆ ನಿಂತಿದ್ದಾಗ ಸಿರಿಶಾ ಕಾರಿಗೆ ಓಡಿ ತನ್ನ ಬೀಚ್ ಟವೆಲ್ ತಂದಳು. ಅದನ್ನೇ ಹೆಗಲಿಗೆ ಹಾಕಿಕೊಂಡು, ಅದರ ತುದಿಯನ್ನು ಮೊರದ ಮೇಲೆ ಹೊದಿಸಿ ಎರಡೂ ಕೈಯಲ್ಲಿ ಎತ್ತಿ ಹಿಡಿದೆ. ಕಾರ್ನ್‌ವಾಲ್‌ನ ಮರಳು ಮೇಜಿನ ಮೇಲೆಲ್ಲ ಉದುರಿತು. ಅತ್ತೆ ಎದ್ದು ನಿಂತರು.

"ಏನಾಗ್ತಿದೆ ಅಲ್ಲಿ?" ಎಂದು ಅಪ್ಪ ಕೂಗಿದರು. "ಅಕ್ಕ? ಇದೀಯಾ?"

"ಸುಮ್ನಿರೋ," ಎಂದರು ಅತ್ತೆ. "ತಗೋತಿದೀನಿ."